ಓದಲು ಬಾರದ ತಾಯಿಗೂ ಕಥೆಪುಸ್ತಕ

ವಿದ್ಯಾರ್ಥಿವೇತನದ ಅರ್ಜಿ ಹಿಡಿದು ಬರುವ ತಾಯಂದಿರು ಕಂಕುಳಲ್ಲಿರುವ ಕಿರಿಯ ಮಗುವನ್ನು ತೋರಿಸಿ, "ಮನೇಲಿ ಮಾತಾಡೋದು ಉರ್ದು, ನನಗೆ ಕನ್ನಡ ಓದೋಕೆ ಬರಲ್ಲ. ಇವನಿಗೆ ಏನು ಕಲಿಸಲಿ ಸಾರ್?" ಎಂದು ಕೇಳುವುದುಂಟು. ಓದಲು ಬರಲೇಬೇಕೆಂದಿಲ್ಲ, ಚಿತ್ರಗಳಿರುವ ಒಂದು ಕಥೆಪುಸ್ತಕ ಸಾಕು.

ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಪುಟ ತೆರೆಯಿರಿ. ಅದು ಬೆಕ್ಕಿನ ಮೇಲೆ ಬೆರಳಿಟ್ಟು "ಬಿಲ್ಲಿ" ಎಂದರೆ ನೀವು "ಹೌ, ಕಾಲಿ ಬಿಲ್ಲಿ" ಎನ್ನಿ. ಒಂದು ಪದ ಎರಡಾಯಿತು. ಬೆಕ್ಕು ಎಲ್ಲಿ ಕೂತಿದೆ, ಇನ್ನೇನು ಮಾಡೀತು ಎಂದು ನಿಮ್ಮ ಮಾತಿನಲ್ಲೇ ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ. ಈ ಸುಮ್ಮನಿರುವುದೇ ಕಷ್ಟ, ಮೇಷ್ಟರುಗಳಿಗಂತೂ ಇನ್ನೂ ಕಷ್ಟ! ಉಚ್ಚಾರ ತಪ್ಪಿದರೆ ಗದರಬೇಡಿ. ಸರಿಯಾದ ಮಾತನ್ನು ನೀವೇ ಒಮ್ಮೆ ಹೇಳಿದರಾಯಿತು. ಅದೇ ಪುಸ್ತಕವನ್ನು ಹತ್ತು ಸಲ ತಂದರೂ ಬೇಸರಪಡಬೇಡಿ.

1988ರಲ್ಲಿ ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಎರಡು ವರ್ಷದ ಆಸುಪಾಸಿನ ಮಕ್ಕಳ ಮನೆಗಳಲ್ಲಿ ಈ ಕ್ರಮವನ್ನು ಪರೀಕ್ಷಿಸಿದರು. ಹೀಗೆ ಮಾತಾಡಿಸುತ್ತ ಓದಿದ ಮಕ್ಕಳು ಒಂದೇ ತಿಂಗಳಲ್ಲಿ, ಎಂದಿನಂತೆ ಓದಿಸಿಕೊಂಡ ಮಕ್ಕಳಿಗಿಂತ ಮಾತಿನಲ್ಲಿ ಮುಂದಾದರು.

ಪುಸ್ತಕ ಕೊಳ್ಳಲಾಗದವರಿಗೆ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಇದೆ. ಕನ್ನಡ, ಉರ್ದು ಎರಡರಲ್ಲೂ ಚಿತ್ರಕಥೆಗಳು ಮೊಬೈಲಿನಲ್ಲೇ ಉಚಿತವಾಗಿ ಸಿಗುತ್ತವೆ. ಆದರೂ ಮಗುವಿನ ಕೈಗೆ ಕಾಗದದ ಪುಸ್ತಕವೇ ಚೆಂದ. ದಾನಿಗಳಲ್ಲಿ ನಮ್ಮ ಕೋರಿಕೆ ಇಷ್ಟೆ: ಅಣ್ಣನ ಕಾಲೇಜು ಶುಲ್ಕ ಕಟ್ಟುವಾಗ ಅದೇ ಮನೆಯ ಮೂರು ವರ್ಷದ ತಂಗಿಗೂ ಎರಡು ಪುಸ್ತಕ ಸೇರಿಸಿ, ಉರ್ದುವಿನದೊಂದು, ಕನ್ನಡದ್ದೊಂದು.