ಎರಡು ಗುಂಡಿಗಳ ಶೌಚಗೃಹ

ಶೌಚಗೃಹದಲ್ಲಿ ನೀರು ಸುರಿದೊಡನೆ ಮಲಿನವು ಕಣ್ಮರೆಯಾಗುವುದು. ಅದು ಎಲ್ಲಿಗೆ ಹೋಯಿತೆಂದು ನಗರವಾಸಿಗಳಾದ ನಾವು ವಿಚಾರಿಸುವುದಿಲ್ಲ. ಒಳಚರಂಡಿಯಿಲ್ಲದ ಊರುಗಳಲ್ಲಿ ಹಿಂದೆ ಅದನ್ನು ಮನುಷ್ಯರೇ ತಲೆಯ ಮೇಲೆ ಹೊತ್ತು ಸಾಗಿಸಬೇಕಾಗಿದ್ದಿತು. ಕರ್ನಾಟಕದಲ್ಲಿ ಈ ಪದ್ಧತಿಯನ್ನು 1970ರ ದಶಕದಲ್ಲಿ ನಿಷೇಧಿಸಿದವರು ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು.

ನಿಷೇಧದೊಡನೆ ಬೇರೊಂದು ಉಪಾಯವೂ ಬೇಕಷ್ಟೆ? 1970ರಲ್ಲಿ ಬಿಂದೇಶ್ವರ ಪಾಠಕರು ಬಿಹಾರದಲ್ಲಿ ಸ್ಥಾಪಿಸಿದ ಸುಲಭ ಸಂಸ್ಥೆಯು ಎರಡು ಗುಂಡಿಗಳ ಶೌಚಗೃಹವನ್ನು ಬಳಕೆಗೆ ತಂದಿತು. ಮಲವು ಮೊದಲು ಒಂದು ಗುಂಡಿಯನ್ನು ಸೇರುತ್ತದೆ. ಅದರ ಗೋಡೆಯ ರಂಧ್ರಗಳ ಮೂಲಕ ನೀರು ಮಣ್ಣಿನಲ್ಲಿ ಇಂಗುತ್ತದೆ. ಆ ಗುಂಡಿ ತುಂಬಿದಾಗ ಅದನ್ನು ಮುಚ್ಚಿ, ಎರಡನೆಯದನ್ನು ಉಪಯೋಗಿಸುತ್ತಾರೆ. ಮುಚ್ಚಿದ ಗುಂಡಿಯಲ್ಲಿ ಸೂಕ್ಷ್ಮಜೀವಿಗಳ ಕ್ರಿಯೆಯಿಂದ ಸುಮಾರು 2 ವರ್ಷಗಳಲ್ಲಿ ಮಲವು ದುರ್ಗಂಧವಿಲ್ಲದ ಗೊಬ್ಬರವಾಗುತ್ತದೆ. ಕುಡಿಯುವ ನೀರಿನ ಬಾವಿ ಮಾತ್ರ ಗುಂಡಿಯ ಸಮೀಪದಲ್ಲಿರಕೂಡದು.

ಮಲ ಹೊರಿಸುವುದನ್ನು 1993ರ ಕಾನೂನೂ, ರಕ್ಷಣಾಸಾಧನವಿಲ್ಲದೆ ಚರಂಡಿಗೆ ಇಳಿಸುವುದನ್ನು 2013ರ ಕಾನೂನೂ ನಿಷೇಧಿಸಿವೆ. ಆದರೂ ನಗರಗಳ ಚರಂಡಿಗಳಲ್ಲಿ ವಿಷವಾಯುವಿನಿಂದ ಕಾರ್ಮಿಕರು ಸಾಯುವುದು ನಿಂತಿಲ್ಲ. ಆದುದರಿಂದ ವಿದ್ಯಾರ್ಥಿಗಳೇ, ನಾವು ಕಾಗದ, ಪ್ಲಾಸ್ಟಿಕ್ ಚೀಲಗಳನ್ನು ಹಾಕಿ ಶೌಚಗೃಹದ ಕೊಳವೆಯನ್ನು ಕಟ್ಟಿಸದಿರೋಣ. ಅದನ್ನು ಬಿಡಿಸಲು ಇಳಿಯಬೇಕಾಗುವವನೂ ನಮ್ಮಂತೆಯೇ ಒಂದು ಮನೆಯ ಮಗನು.