ಆರೋಗ್ಯ ಪ್ರಶ್ನೋತ್ತರ: ಮಿದುಳಿನ ಸೋಂಕು ಮತ್ತು ಬೆನ್ನಿನ ನೀರು

ಪ್ರಶ್ನೆ: ಮೆನಿಂಜೈಟಿಸ್, ಎನ್ಸೆಫಲೈಟಿಸ್ ಎರಡೂ ಒಂದೇ ಕಾಯಿಲೆಯೇ?

ಉತ್ತರ: ಅಲ್ಲ. ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತಿರುವ ಪೊರೆಗಳಲ್ಲಿ ಉರಿಯೂತವಾದರೆ ಮೆನಿಂಜೈಟಿಸ್. ಮಿದುಳಿನೊಳಗೇ ಆದರೆ ಎನ್ಸೆಫಲೈಟಿಸ್. ಮೊದಲನೆಯದರಲ್ಲಿ ಜ್ವರ, ತಲೆನೋವು, ವಾಂತಿ, ಕತ್ತು ಬಗ್ಗಿಸಲಾಗದ ಬಿಗಿತ ಹೆಚ್ಚು. ಎರಡನೆಯದರಲ್ಲಿ ಮಂಪರು, ಅಸಂಬದ್ಧ ಮಾತು, ಫಿಟ್ಸ್ ಮುಂದಾಗುತ್ತವೆ. ಹಲವರಲ್ಲಿ ಎರಡೂ ಬೆರೆತಿರುತ್ತವೆ. ಕೈಗೂಸಿನಲ್ಲಿ ಕತ್ತಿನ ಬಿಗಿತಕ್ಕೆ ಕಾಯಬಾರದು. ಜ್ವರದ ಜೊತೆ ಹಾಲು ಬಿಟ್ಟರೆ, ನೆತ್ತಿ ಉಬ್ಬಿದರೆ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು.

ಪ್ರಶ್ನೆ: ತಮ್ಮನಿಗೆ ಹದಿನೈದು ದಿನದಿಂದ ಜ್ವರ, ತಲೆನೋವು. ಅಂಗಡಿಯ ಮಾತ್ರೆಗೆ ಬಗ್ಗಲಿಲ್ಲ. ಬೆನ್ನಿನಿಂದ ನೀರು ತೆಗೆಯಬೇಕು ಎನ್ನುತ್ತಾರೆ. ಹಾಗೆ ತೆಗೆದರೆ ಸೊಂಟದ ಸ್ವಾಧೀನ ಹೋಗುತ್ತದೆಂದು ಮನೆಯ ಹಿರಿಯರು ಬಿಡುತ್ತಿಲ್ಲ.

ಉತ್ತರ: ಈ ಮಾತು ಊರೂರಲ್ಲೂ ಇದೆ, ಆಧಾರ ಮಾತ್ರ ಇಲ್ಲ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲನೆಯ ಅಥವಾ ಎರಡನೆಯ ಮೂಳೆಯ ಮಟ್ಟದಲ್ಲಿ ಮುಗಿಯುತ್ತದೆ. ಸೂಜಿ ಹೋಗುವುದು ಅದಕ್ಕಿಂತ ಕೆಳಗೆ. ಅಲ್ಲಿ ಇರುವುದು ದ್ರವದಲ್ಲಿ ತೇಲುವ ನರಗಳು. ತೆಗೆಯುವುದು ಕೆಲವೇ ಮಿಲಿಲೀಟರ್. ದೇಹ ದಿನಕ್ಕೆ ಸುಮಾರು 500 ಮಿಲಿಲೀಟರ್ ಹೊಸದಾಗಿ ತಯಾರಿಸಿಕೊಳ್ಳುತ್ತದೆ. ಕೆಲವರಿಗೆ ನಾಲ್ಕಾರು ದಿನ ತಲೆನೋವು, ಸೂಜಿ ಚುಚ್ಚಿದಲ್ಲಿ ನೋವು ಇರುವುದುಂಟು. ಸಿಸೇರಿಯನ್‌ಗೆ ಸೊಂಟಕ್ಕೆ ಇಂಜೆಕ್ಷನ್ ಕೊಡುವಾಗ ಮರುಮಾತಿಲ್ಲದೆ ಸಹಿ ಹಾಕುವ ಮನೆಗಳೇ ಇಲ್ಲಿ ಅಡ್ಡ ನಿಲ್ಲುತ್ತವೆ. ಕಾಯಿಲೆ ಬಲಿತ ಮೇಲೆ ಬಂದ ರೋಗಿಯ ಕಾಲು ಸೋತರೆ ಅದು ಸೋಂಕಿನ ಕೆಲಸ. ಅಪವಾದ ಸೂಜಿಯ ತಲೆಗೆ ಬರುತ್ತದೆ.

ಹದಿನೈದು ದಿನದ ಜ್ವರ, ತಲೆನೋವು ಎಂದರೆ ಮೊದಲು ಶಂಕಿಸಬೇಕಾದದ್ದು ಕ್ಷಯದ ಮೆನಿಂಜೈಟಿಸ್. ಅದರಲ್ಲಿ ಬೆನ್ನಿನ ನೀರಿನ ಸಕ್ಕರೆ ಇಳಿದು, ಪ್ರೋಟೀನ್ ಏರಿ, ಲಿಂಫೋಸೈಟ್ ಕಣಗಳು ಹೆಚ್ಚಿರುತ್ತವೆ. ಸಾಮಾನ್ಯ ಬ್ಯಾಕ್ಟೀರಿಯಾ ಸೋಂಕಿನಲ್ಲಿ ನೀರು ಕಲಕಿದಂತಿದ್ದು ನ್ಯೂಟ್ರೋಫಿಲ್ ಕಣಗಳು ತುಂಬಿರುತ್ತವೆ. ವೈರಸ್ ಆದರೆ ಸಕ್ಕರೆ ಬಹುತೇಕ ಸರಿಯಾಗಿರುತ್ತದೆ. ಅಂಗಡಿಯಿಂದ ತಂದ ಆಂಟಿಬಯಾಟಿಕ್ ನುಂಗಿದ್ದರೆ ಕಲ್ಚರ್‌ನಲ್ಲಿ ಏನೂ ಬೆಳೆಯದಿರಬಹುದು. ಏನು ನುಂಗಿದ್ದೆಂದು ಮುಚ್ಚಿಡದೆ ಹೇಳಬೇಕು. ಜೀನ್‌ಎಕ್ಸ್‌ಪರ್ಟ್ ಎಂಬ ಕ್ಷಯ ಪರೀಕ್ಷೆ ನೆಗೆಟಿವ್ ಬಂದ ಮಾತ್ರಕ್ಕೆ ಕ್ಷಯ ಇಲ್ಲವೆಂದು ತೀರ್ಮಾನಿಸುವಂತಿಲ್ಲ. ಎಚ್‌ಐವಿ ಪರೀಕ್ಷೆಯೂ ಆಗಲಿ. ಅದರಲ್ಲಿ ನಾಚಿಕೆಯ ಮಾತಿಲ್ಲ, ಎಚ್‌ಐವಿ ಇದ್ದವರಲ್ಲಿ ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರ ಇದೇ ವೇಷದಲ್ಲಿ ಬರುತ್ತದೆ. ಪ್ರಜ್ಞೆ ತಪ್ಪುತ್ತಿದ್ದರೆ ಅಥವಾ ಒಂದು ಕಡೆಯ ಕೈಕಾಲು ಸೋತಿದ್ದರೆ ಸಿಟಿ ಸ್ಕ್ಯಾನ್ ಮೊದಲು, ಬೆನ್ನಿನ ನೀರು ಆಮೇಲೆ. ಬ್ಯಾಕ್ಟೀರಿಯಾದ ಶಂಕೆ ಇದ್ದಲ್ಲಿ ಸ್ಕ್ಯಾನ್ ಆಗುವವರೆಗೆ ಆಂಟಿಬಯಾಟಿಕ್ ಇಂಜೆಕ್ಷನ್ ತಡೆಯಬಾರದು.

ಪ್ರಶ್ನೆ: ಚಿಕಿತ್ಸೆ ಎಷ್ಟು ದಿನ?

ಉತ್ತರ: ರೋಗಾಣುವಿನ ಮೇಲೆ ನಿಂತಿದೆ. ಬ್ಯಾಕ್ಟೀರಿಯಾಗೆ ಸೆಫ್ಟ್ರಿಯಾಕ್ಸೋನ್‌ನಂಥ ಔಷಧ ರಕ್ತನಾಳದ ಮೂಲಕ, ಸಾಮಾನ್ಯವಾಗಿ 7ರಿಂದ 14 ದಿನ. ಜೊತೆಗೆ ಆರಂಭದಲ್ಲೇ ಡೆಕ್ಸಾಮೆಥಸೋನ್. ಹರ್ಪಿಸ್ ವೈರಸ್‌ನ ಎನ್ಸೆಫಲೈಟಿಸ್‌ಗೆ ಅಸೈಕ್ಲೊವಿರ್ 14ರಿಂದ 21 ದಿನ. ಇದನ್ನು ವರದಿ ಬರುವ ಮೊದಲೇ ಶುರುಮಾಡುವುದು ವಾಡಿಕೆ. ಕ್ಷಯಕ್ಕೆ 9ರಿಂದ 12 ತಿಂಗಳು, ಮೊದಲ ವಾರಗಳಲ್ಲಿ ಸ್ಟೆರಾಯ್ಡ್ ಕೂಡ. ಎರಡು ತಿಂಗಳಿಗೆ ಮೈ ಹಗುರಾಯಿತೆಂದು ಮಾತ್ರೆ ಬಿಡುವವರು ಮರಳಿ ಬರುವಾಗ ಸ್ಥಿತಿ ಕೆಟ್ಟಿರುತ್ತದೆ. ಬ್ಯಾಕ್ಟೀರಿಯಾ ಮೆನಿಂಜೈಟಿಸ್‌ನಿಂದ ಗುಣವಾದ ಮಗುವಿಗೆ ಕಿವಿಯ ಪರೀಕ್ಷೆ ಕಡ್ಡಾಯ. ಶ್ರವಣ ಕುಂದುವುದು ಅದರ ಸಾಮಾನ್ಯ ಶೇಷ.

ಪ್ರಶ್ನೆ: ಮಂಡ್ಯದ ಕಡೆಯ ನಮ್ಮ ಹಳ್ಳಿಯ ಮಗುವಿಗೆ ಜಪಾನೀಸ್ ಮಿದುಳು ಜ್ವರ. ಜೊತೆಯಲ್ಲಿ ಆಡಿದ ಮಕ್ಕಳಿಗೂ ಅಂಟುತ್ತದೆಯೇ?

ಉತ್ತರ: ಇಲ್ಲ. ಇದು ಮನುಷ್ಯನಿಂದ ಮನುಷ್ಯನಿಗೆ ಹರಡದು. ವೈರಸ್ ಇರುವುದು ಹಂದಿ ಮತ್ತು ನೀರುಹಕ್ಕಿಗಳಲ್ಲಿ. ದಾಟಿಸುವುದು ಭತ್ತದ ಗದ್ದೆಯಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ. ಸೋಂಕು ತಗಲಿದ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಮಿದುಳಿಗೆ ಇಳಿದರೆ ಮಾತ್ರ ವೈರಸ್ ಕೊಲ್ಲುವ ಔಷಧವಿಲ್ಲ. ಫಿಟ್ಸ್, ಉಸಿರು, ಮಿದುಳಿನ ಒತ್ತಡ ನೋಡಿಕೊಳ್ಳುವುದಷ್ಟೇ ಚಿಕಿತ್ಸೆ. ಜೊತೆಯಲ್ಲಿದ್ದವರಿಗೆ ಮುಂಜಾಗ್ರತೆಯ ಮಾತ್ರೆ ಬೇಕಾಗುವುದು ಮುಖ್ಯವಾಗಿ ಮೆನಿಂಗೊಕಾಕಸ್ ಸೋಂಕಿನಲ್ಲಿ. ಜಪಾನೀಸ್ ಮಿದುಳು ಜ್ವರ ನೆಲೆಸಿರುವ ಜಿಲ್ಲೆಗಳ ಮಕ್ಕಳಿಗೆ ಸರ್ಕಾರಿ ಲಸಿಕೆ ಎರಡು ಡೋಸ್: 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ತಾಯಿ ಕಾರ್ಡ್ ತೆಗೆದು ನೋಡಿ. ಎರಡನೆಯದು ಬಿಟ್ಟುಹೋಗಿದ್ದರೆ ಆಶಾ ಕಾರ್ಯಕರ್ತೆಯನ್ನು ಈ ವಾರವೇ ವಿಚಾರಿಸಿ.