ಕೋಶಕೇಂದ್ರವೂ ಲೋಪಸಂಧಿಯೂ

ಭಾಷಾಪಂಡಿತನು ಜೀವವಿಜ್ಞಾನದ ಅಂಗಳಕ್ಕೆ ಕಾಲಿಡುವುದು ಅಧಿಕಪ್ರಸಂಗವೆಂದು ಸಹೋದ್ಯೋಗಿಗಳಿಗೆ ತೋರಬಹುದು. ಆದರೆ ನನ್ನಿಂದಲೇ ಆದ ಒಂದು ಪ್ರಮಾದವನ್ನು ತಿದ್ದಿಕೊಳ್ಳದೆ ಗತ್ಯಂತರವಿಲ್ಲ. ಒಂಬತ್ತನೆಯ ತರಗತಿಯ ಬಾಲಕನೊಬ್ಬನಿಗೆ ಪ್ರೋಕ್ಯಾರಿಯೋಟ್, ಯೂಕ್ಯಾರಿಯೋಟ್ ಎಂಬ ಪದಗಳನ್ನು ಬಿಡಿಸಿ ಹೇಳಿದ್ದೆ: ಗ್ರೀಕ್ ಭಾಷೆಯಲ್ಲಿ ಕ್ಯಾರಿಯಾನ್ ಎಂದರೆ ಕಾಯಿಯೊಳಗಣ ತಿರುಳು; ತಿರುಳಿಗಿಂತ ಮುಂಚಿನದು ಮೊದಲನೆಯದು, ನಿಜವಾದ ತಿರುಳುಳ್ಳದ್ದು ಎರಡನೆಯದು. ಮರುದಿನ ಅವನು ಬಂದು, “ಗುರುಗಳೇ, ನಮ್ಮ ನೆತ್ತರಿನ ಕೆಂಪುಕಣದಲ್ಲಿ ಕೋಶಕೇಂದ್ರವಿಲ್ಲವಂತೆ. ಹಾಗಾದರೆ ಅದೂ ಬ್ಯಾಕ್ಟೀರಿಯದ ಜಾತಿಯೇ?” ಎಂದನು. ನಿರುಕ್ತಿ ಸರಿಯಾಗಿಯೇ ಇತ್ತು, ಹುಡುಗನು ದಾರಿತಪ್ಪಿದ್ದನು. ವಿಜ್ಞಾನದ ಅಧ್ಯಾಪಕರಲ್ಲಿ ಕೇಳಿ ತಿಳಿದುದನ್ನು ಇಲ್ಲಿ ನಿವೇದಿಸುತ್ತೇನೆ.

1665ರಲ್ಲಿ ರಾಬರ್ಟ್ ಹುಕ್ ಎಂಬ ಆಂಗ್ಲ ವಿಜ್ಞಾನಿ ಬೆಂಡಿನ ತೆಳುಪದರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿ ಕಂಡ ಪುಟ್ಟ ಕೋಣೆಗಳಿಗೆ ‘ಸೆಲ್’ ಎಂದು ಹೆಸರಿಟ್ಟನು. ಅವನು ಕಂಡುದು ಜೀವವಳಿದ ಗೋಡೆಗಳನ್ನು ಮಾತ್ರ. ನಮ್ಮವರು ಆರಿಸಿದ ಕೋಶವೆಂಬ ಶಬ್ದಕ್ಕೆ ಭಂಡಾರವೆಂಬ ಅರ್ಥವೂ ಉಂಟು. ಒಳಗಿನ ಸಂಪತ್ತನ್ನು ನೋಡಿದರೆ ಅದೇ ಹೆಚ್ಚು ಒಪ್ಪುವ ಹೆಸರೆಂದು ನನ್ನ ಭಾವನೆ. ಸುತ್ತಲೂ ಹೊಗಗೊಡಬೇಕಾದುದನ್ನು ಹೊಗಗೊಡುವ ಕೋಶಪೊರೆ, ಒಳಗೆ ಕೋಶದ್ರವ್ಯ, ವಂಶವಾಹಿನಿಗಳನ್ನು ಹೊತ್ತ ಡಿ.ಎನ್.ಎ., ಸಸಾರಜನಕಗಳನ್ನು ನೇಯುವ ರೈಬೋಸೋಮುಗಳು. ಇಷ್ಟು ಬ್ಯಾಕ್ಟೀರಿಯಕ್ಕೂ ಉಂಟು, ನಮಗೂ ಉಂಟು. ಆದರೆ ಬ್ಯಾಕ್ಟೀರಿಯದ ಡಿ.ಎನ್.ಎ. ಕೋಶದ್ರವ್ಯದಲ್ಲಿಯೇ ಇರುವುದು, ಸಸ್ಯ, ಪ್ರಾಣಿ, ಶಿಲೀಂಧ್ರಗಳಲ್ಲಿ ಅದು ಪೊರೆಯಿಂದ ಆವೃತವಾದ ಕೇಂದ್ರದೊಳಗಿದ್ದು, ಶಕ್ತಿಯನ್ನೊದಗಿಸುವ ಮೈಟೋಕಾಂಡ್ರಿಯ ಮೊದಲಾದ ಅಂಗಕಗಳೂ ಜೊತೆಗಿರುವುವು. ಸಸ್ಯಕೋಶಕ್ಕೆ ಇವುಗಳ ಮೇಲೆ ಸೆಲ್ಯುಲೋಸಿನ ಭಿತ್ತಿಯೂ, ಹಸುರು ಭಾಗಗಳಲ್ಲಿ ಕ್ಲೋರೋಪ್ಲಾಸ್ಟುಗಳೂ ಉಂಟು. ಪ್ರಾಣಿಕೋಶಕ್ಕೆ ಭಿತ್ತಿಯಿಲ್ಲ, ಕೋಣೆಯೆಂಬ ಹೆಸರು ನಮ್ಮ ಮೈಗೆ ಹೊಂದದಿರುವುದು ಹೀಗೆ.

ಒಂದೇ ದೇಹದೊಳಗೂ ಎಷ್ಟು ವೈವಿಧ್ಯ! ಬೆನ್ನುಹುರಿಯಿಂದ ಪಾದದವರೆಗೆ ಸುಮಾರು ಒಂದು ಮೀಟರು ಉದ್ದಕ್ಕೆ ತಂತುವನ್ನು ಚಾಚಿದ ನರಕೋಶವೂ ಒಂದೇ ಕೋಶ. ಕೈಕಾಲುಗಳನ್ನಾಡಿಸುವ ಸ್ನಾಯುವಿನ ಎಳೆಯಲ್ಲಾದರೋ ಕೇಂದ್ರಗಳು ಅನೇಕ.

ಇನ್ನು ಕೆಂಪುಕಣ. ಅಸ್ಥಿಮಜ್ಜೆಯಲ್ಲಿ ಬೆಳೆಯುವಾಗ ಅದಕ್ಕೂ ಕೇಂದ್ರವಿರುತ್ತದೆ. ನೆತ್ತರಿಗೆ ಇಳಿಯುವ ಮುನ್ನ ಅದನ್ನು ಹೊರದೂಡುತ್ತದೆ, ಮೈಟೋಕಾಂಡ್ರಿಯವನ್ನೂ ಕಳೆದುಕೊಳ್ಳುತ್ತದೆ. ಪ್ರಾಣವಾಯುವನ್ನು ಹೊರುವ ಹಿಮೋಗ್ಲೋಬಿನ್ ಅದರ ಒಡಲನ್ನು ತುಂಬಿರುತ್ತದೆ. ಆಮೇಲೆ ಅದು ವಿಭಜನೆಗೊಳ್ಳಲಾರದು, ಸುಮಾರು 120 ದಿನಗಳಲ್ಲಿ ಅಳಿಯುತ್ತದೆ. ಬ್ಯಾಕ್ಟೀರಿಯವಾದರೋ ತನ್ನ ಡಿ.ಎನ್.ಎ.ಯೊಡನೆ ಬದುಕುತ್ತದೆ, ಇಬ್ಭಾಗವಾಗಿ ವೃದ್ಧಿಸುತ್ತದೆ.

ಹುಡುಗನಿಗೆ ಇದನ್ನು ವ್ಯಾಕರಣದ ಮೂಲಕವೇ ಹೇಳಿದೆ. ‘ಊರಲ್ಲಿ’ ಎಂಬಲ್ಲಿ ‘ಊರು’ ಶಬ್ದದ ಉಕಾರವು ಕಾಣದು. ಕಾಣದೆಂದು ಅದು ಮೊದಲಿಗೇ ಇರಲಿಲ್ಲವೆನ್ನಲಾದೀತೇ? ಕೆಂಪುಕಣದ್ದು ಲೋಪಸಂಧಿ. ವಂಶವನ್ನು ನೋಡದೆ ಬರಿಯ ಅಭಾವವನ್ನು ನೋಡಿ ಜಾತಿಯನ್ನು ನಿರ್ಣಯಿಸಲಾಗದು. 1977ರಲ್ಲಿ ಕಾರ್ಲ್ ವೂಸ್ ಮತ್ತು ಜಾರ್ಜ್ ಫಾಕ್ಸ್ ಎಂಬ ವಿಜ್ಞಾನಿಗಳು, ಕೇಂದ್ರವಿಲ್ಲದ ಜೀವಿಗಳಲ್ಲಿಯೇ ಬ್ಯಾಕ್ಟೀರಿಯಕ್ಕಿಂತ ಭಿನ್ನವಾದ, ಇಂದು ಆರ್ಕಿಯಾ ಎನಿಸಿರುವ, ವಂಶವೊಂದುಂಟೆಂದು ತೋರಿಸಿದುದನ್ನೂ ತಿಳಿಸಿದೆ.

ಹುಡುಗನು ಒಪ್ಪಿದನು. ಮರುಕ್ಷಣವೇ, “ಕೋಳಿಯ ನೆತ್ತರಲ್ಲಿಯೂ ಹೀಗೆಯೇ?” ಎಂದನು. ಮತ್ತೆ ಪ್ರಯೋಗಶಾಲೆಯ ಬಾಗಿಲು ತಟ್ಟಿದೆ. ಹಕ್ಕಿಗಳ ಕೆಂಪುಕಣದಲ್ಲಿ ಕೇಂದ್ರವು ಕೊನೆಯವರೆಗೂ ಉಳಿದಿರುತ್ತದೆಯಂತೆ, ಅಲ್ಲಿ ಲೋಪವಿಲ್ಲ.